ನಂಬರು ಸಿಕ್ಕ ಮೇಲೂ ಬೆನ್ನಟ್ಟಬೇಕೆ?

ಓಡುತ್ತಿರುವ ಕಾರು. ಪಕ್ಕದ ಕಾರಿನಿಂದ ಪೊಲೀಸಪ್ಪ ಅದರ ಮೇಲೆ ಧೊಪ್ಪೆಂದು ನೆಗೆಯುತ್ತಾನೆ. ಗುಂಡು ಹಾರಿಸುತ್ತಾನೆ. ಕಳ್ಳರು ಉದುರಿದ ಕೂಡಲೆ ಸ್ಟೇರಿಂಗಿಗೆ ಕೈ ಹಾಕುತ್ತಾನೆ. ಆಮೇಲೆ ಮುಂದಿನ ಕಾರು!

ಇದು ಸ್ಟಂಟ್ ಸಿನಿಮಾ ಅಲ್ಲ ಸ್ವಾಮಿ, ಅಂಗೈಯಲ್ಲಿ ಹಿಡಿದು ಆಡುವ ಆಟ. ಹೆಸರು ‘ಪರ್‌ಸ್ಯೂಟ್ ಫೋರ್ಸ್’. ಇಂಗ್ಲೆಂಡಿನ ಬಿಗ್‌ಬಿಗ್ ಸ್ಟುಡಿಯೋಸ್ ತಯಾರಿಸಿದ್ದು. ಸೋನಿ ಕಂಪನಿ ತನ್ನ ಪಿಎಸ್‌ಪಿ ಯಂತ್ರಕ್ಕಾಗಿ 2005ರಲ್ಲಿ ಯುರೋಪಿನಲ್ಲಿ ಬಿಟ್ಟಿತು, 2006ರಲ್ಲಿ ಅಮೆರಿಕದಲ್ಲಿ. ತಯಾರಿಸಿದ ಸ್ಟುಡಿಯೋ 2012ರಲ್ಲಿ ಬಾಗಿಲು ಹಾಕಿತು.

ಆಟದಲ್ಲೊಂದು ‘ನ್ಯಾಯದ ಪಟ್ಟಿ’ ಉಂಟು. ಗ್ಯಾಂಗಿನವರನ್ನು ಬಡಿದರೆ ಏರುತ್ತದೆ. ಪಾಪದ ದಾರಿಹೋಕರಿಗೆ ಪೆಟ್ಟಾದರೆ ಇಳಿಯುತ್ತದೆ. ತುಂಬಿದರೆ ಗಾಯವೂ ಮಾಯ.

ಇಂಥ ಆಟದಿಂದ ಹುಡುಗರು ಕೆಡುತ್ತಾರೆ ಅಂತ ಕೂಗಾಡುವುದು ಸುಲಭ. ಮಾತು ಅದಲ್ಲ. ದಾರಿಹೋಕನ ಲೆಕ್ಕವನ್ನು ಈ ಆಟ ಇಟ್ಟಿದೆಯಲ್ಲ, ನಿಜವಾದ ರಸ್ತೆಯಲ್ಲಿ ಆ ಲೆಕ್ಕ ಇಡುವವರು ಯಾರು?

ಅಮೆರಿಕದ ಜಾರ್ಜಿಯಾದಲ್ಲಿ 2001ರಲ್ಲಿ ನಡೆದದ್ದು ಕೇಳಿ. ಗಂಟೆಗೆ 55 ಮೈಲಿ ಮಿತಿಯ ರಸ್ತೆಯಲ್ಲಿ 19 ವರ್ಷದ ಹುಡುಗ 73 ಮೈಲಿ ವೇಗದಲ್ಲಿ ಹೋದ. ಪೊಲೀಸರು ನಿಲ್ಲಿಸು ಎಂದರು, ಅವನು ನಿಲ್ಲಿಸಲಿಲ್ಲ. ಕಾರಿನ ನಂಬರನ್ನು ಪೊಲೀಸರು ಆಗಲೇ ವೈರ್‌ಲೆಸ್ಸಿನಲ್ಲಿ ಹೇಳಿಯಾಗಿತ್ತು. ಆದರೂ ಸುಮಾರು 10 ಮೈಲಿ ಬೆನ್ನಟ್ಟಿದರು. ಕೊನೆಗೆ ಪೊಲೀಸ್ ಕಾರು ಹಿಂದಿನಿಂದ ಗುದ್ದಿತು. ಹುಡುಗನ ಕಾರು ದಿಬ್ಬದಿಂದ ಉರುಳಿ ಮಗುಚಿತು. ಕೈಕಾಲು ಎರಡೂ ಸ್ವಾಧೀನ ತಪ್ಪಿದವು. ಅತಿವೇಗದ ಒಂದು ಕೇಸಿಗೆ ಜೀವಮಾನವಿಡೀ ಶಿಕ್ಷೆ!

ದಾವೆ ಸುಪ್ರೀಂ ಕೋರ್ಟಿಗೆ ಹೋಯಿತು. ನ್ಯಾಯಮೂರ್ತಿಗಳು ಪೊಲೀಸ್ ಕಾರಿನ ವಿಡಿಯೋ ನೋಡಿದರು. ತೀರ್ಪಿನಲ್ಲೇ ಅದನ್ನು ಹಾಲಿವುಡ್ ಸಿನಿಮಾಕ್ಕೆ ಹೋಲಿಸಲಾಯಿತು. 2007ರಲ್ಲಿ ಎಂಟು ಮಂದಿ ಪೊಲೀಸರ ಕಡೆ ನಿಂತರು. ಓಡಿದವನೇ ಜನರ ಜೀವಕ್ಕೆ ಅಪಾಯ ತಂದವನು, ಬಿಟ್ಟುಬಿಟ್ಟರೆ ನಾಳೆ ಎಲ್ಲರೂ ಜೋರಾಗಿ ಓಡಲು ಕಲಿಯುತ್ತಾರೆ ಎಂಬುದು ಅವರ ವಾದ. ಒಪ್ಪಲಿಲ್ಲ ಎಂದವರು ಜಾನ್ ಪಾಲ್ ಸ್ಟೀವನ್ಸ್ ಒಬ್ಬರೇ. ನಂಬರು ಕೈಯಲ್ಲಿದೆ, ಆಮೇಲೆ ಹಿಡಿಯಬಹುದಿತ್ತಲ್ಲ ಎಂದರು.

ಎಂಟು ಜನರ ಮಾತಿನಲ್ಲಿ ಹುರುಳಿಲ್ಲ ಎನ್ನಲಾಗದು. ಮೊದಲ ತಪ್ಪು ಓಡಿದವನದೇ. ಕೊಲೆ ಮಾಡಿ ಓಡುವವನನ್ನು, ಮಗುವನ್ನು ಎತ್ತಿಕೊಂಡು ಹೋಗುವವನನ್ನು ಬೆನ್ನಟ್ಟಲೇಬೇಕು. ಆದರೆ ಅತಿವೇಗಕ್ಕೆ ದಂಡ ಹಾಕಲು ಅದಕ್ಕಿಂತ ಅತಿವೇಗದಲ್ಲಿ ಹೋಗುವುದು ಯಾವ ನ್ಯಾಯ? ಬೆಂಕಿಯ ಮೇಲೆ ತುಪ್ಪ ಸುರಿದ ಹಾಗಾಯಿತು. ನಂಬರು ಸಿಕ್ಕಿದರೆ ಮನೆ ಸಿಗುತ್ತದೆ. ಮನೆ ಸಿಕ್ಕಿದರೆ ಆಸಾಮಿ ಸಿಗುತ್ತಾನೆ. ಸ್ವಲ್ಪ ತಡವಾಗಬಹುದು, ಅಷ್ಟೆ. ಆ ಎಂಟು ಜನರಿಗಿಂತ ಆ ಒಬ್ಬರ ಮಾತೇ ಮೇಲು.

ಜಾರ್ಜಿಯಾದಲ್ಲಿ ದಾರಿಹೋಕರು ಬಚಾವಾದರು. ಪ್ರತಿಸಲವೂ ಹಾಗೇ ಆಗುತ್ತದೆ ಅಂತ ಯಾರು ಬರೆದುಕೊಟ್ಟಿದ್ದಾರೆ? ಅಂಗಡಿ ಬಾಗಿಲಲ್ಲಿ ನಿಂತವನು, ಬಸ್ಸಿಗೆ ಕಾದವಳು ಯಾರೂ ಈ ಆಟಕ್ಕೆ ಸೇರಿದವರಲ್ಲ.

ಪಿಎಸ್‌ಪಿಯಲ್ಲಿ ಸೋತರೆ ಗುಂಡಿ ಒತ್ತಿ ಮತ್ತೆ ಶುರು ಮಾಡಬಹುದು. ಬಸ್ ಸ್ಟಾಪಿನಲ್ಲಿ ನಿಂತವರ ಕೈಗೆ ಆ ಗುಂಡಿ ಕೊಟ್ಟವರುಂಟೆ?