ಥಟ್ಟನೆ ಹೊಳೆಯದ ಉತ್ತರ

ದೂರದರ್ಶನದ ಚಂದನ ವಾಹಿನಿಯಲ್ಲಿ 2002ರಲ್ಲಿ ಆರಂಭವಾದ ‘ಥಟ್ ಅಂತ ಹೇಳಿ’ ರಸಪ್ರಶ್ನೆ ಕಾರ್ಯಕ್ರಮದ ಘನತೆ ಅದರ ಬಹುಮಾನದಲ್ಲಿದೆ. ವೈದ್ಯರೂ ಲೇಖಕರೂ ಆದ ಡಾ. ನಾ. ಸೋಮೇಶ್ವರರು ಸರಿಯುತ್ತರಕ್ಕೆ ನೀಡುವುದು ಕನ್ನಡ ಪುಸ್ತಕವನ್ನು. ಹೀಗಾಗಿ ಅಲ್ಪ ಅಂತರದಲ್ಲಿ ಸೋತವರೂ ಓದಲು ಏನಾದರೊಂದನ್ನು ಹೊತ್ತೇ ಮನೆಗೆ ಮರಳುತ್ತಾರೆ. ಕೋಟಿಯ ಆಸೆ ತೋರುವ ಕಾರ್ಯಕ್ರಮಗಳಲ್ಲಿ ನನಗೆ ಈ ನೆಮ್ಮದಿ ಕಂಡಿಲ್ಲ.

ಆದರೂ ಸಮಬಲದ ಸ್ಪರ್ಧೆ ಕೊನೆಯ ಪ್ರಶ್ನೆಗೆ ಬಂದು ನಿಂತಾಗ ಅರಿವಿಗಿಂತ ವೇಗಕ್ಕೇ ಬೆಲೆ. ಅದನ್ನೇ ಅನುಕರಿಸುವ ನಮ್ಮ ಕಾಲೇಜು ಸ್ಪರ್ಧೆಗಳಲ್ಲಿ ಗಡಿನಾಡಿನ ಮಕ್ಕಳಿಗೆ ಈ ‘ಥಟ್’ ತುಸು ತುಟ್ಟಿಯಾಗುತ್ತದೆ. ತಾಂಡೂರು ಸೀಮೆ 1956ರವರೆಗೆ ಗುಲ್ಬರ್ಗಾ ಜಿಲ್ಲೆಯಲ್ಲಿತ್ತು. ಕರಣಕೋಟದ ಸುತ್ತ ಇಂದಿಗೂ ಮನೆಯ ನುಡಿ ಒಂದಾದರೆ ಸಂತೆಯ ನುಡಿ ಇನ್ನೊಂದು. 2022ರಲ್ಲಿ ಭೌಗೋಳಿಕ ಸೂಚಕ ಪಡೆದ ತಾಂಡೂರಿನ ಬೆಳೆ ಯಾವುದೆಂದು ಕೇಳಿದರೆ ಇಲ್ಲಿನ ವಿದ್ಯಾರ್ಥಿನಿಗೆ ಹೊಲವೇ ಕಣ್ಣೆದುರು ನಿಲ್ಲುತ್ತದೆ. ನಾಲಗೆಗೆ ಮೊದಲು ಬರುವುದು ತೆಲುಗಿನ ‘ಕಂದಿ’. ‘ತೊಗರಿ’ ಎನ್ನುವಷ್ಟರಲ್ಲಿ ಪಕ್ಕದವರು ಗುಂಡಿ ಒತ್ತಿರುತ್ತಾರೆ. (ಮರಾಠಿಯಲ್ಲೂ ಅಕ್ಷರ ಕಲಿತ ನನಗೆ ‘ತೂರ್’ ಮೊದಲು!) ಆ ಅರೆಕ್ಷಣದ ತಡವನ್ನು ಅಜ್ಞಾನವೆಂದು ಎಣಿಸುವುದು ನ್ಯಾಯವಲ್ಲ.

ನಮ್ಮ ವಿಭಾಗದ ರಸಪ್ರಶ್ನೆಯಲ್ಲಿ ಅಂಕಗಳು ಸಮವಾದಾಗ ಗುಂಡಿಯನ್ನು ಬದಿಗಿಡೋಣ. ಇಬ್ಬರೂ ಉತ್ತರವನ್ನು ಬರೆಯಲಿ; ಅದು ಹೇಗೆ ತಿಳಿಯಿತೆಂದು ಎರಡು ವಾಕ್ಯ ಸೇರಿಸಲಿ. ಮನೆಮಾತಿನ ಹೆಸರು ಮೊದಲು ಬಂದರೆ ಬರಲಿ, ಕನ್ನಡದ ಹೆಸರು ಅದರ ಜೊತೆಗಿರಲಿ. ತೀರ್ಪಿಗೆ ಹತ್ತು ನಿಮಿಷ ಹಿಡಿದೀತು, ಸಭಿಕರು ಗೊಣಗಿಯಾರು. ಕಾಯಲಿ.