ನದಿಯ ಎರಡು ದಡ, ಲೆಕ್ಕಕ್ಕೆ ಒಂದೇ ಊರು

ಅಮೆರಿಕದ ಸ್ನೇಕ್ ನದಿಯ ಒಂದು ದಡದಲ್ಲಿ ಐಡಾಹೊ ರಾಜ್ಯದ ಲೂಯಿಸ್ಟನ್, ಎದುರು ದಡದಲ್ಲಿ ವಾಷಿಂಗ್ಟನ್ ರಾಜ್ಯದ ಕ್ಲಾರ್ಕ್ಸ್‌ಟನ್. ಕನಿಷ್ಠ ಕೂಲಿ ಬೇರೆ, ತೆರಿಗೆಯೂ ಬೇರೆ: ಐಡಾಹೊದಲ್ಲಿ ಸಂಬಳದ ಮೇಲೆ ರಾಜ್ಯದ ತೆರಿಗೆಯಿದೆ, ವಾಷಿಂಗ್ಟನ್‌ನಲ್ಲಿಲ್ಲ. ಆದರೂ ಕೆಲಸಕ್ಕೆ, ಸಂತೆಗೆ, ಆಸ್ಪತ್ರೆಗೆ ಜನ ಸೇತುವೆ ದಾಟುತ್ತಲೇ ಇರುತ್ತಾರೆ. ಹಾಗಾಗಿ ನೆಜ್ ಪರ್ಸ್ ಮತ್ತು ಅಸೋಟಿನ್ ಕೌಂಟಿಗಳನ್ನು ಸೇರಿಸಿ ಕೇಂದ್ರ ಸರ್ಕಾರ ಒಂದೇ ಮಹಾನಗರ ಅಂಕಿಅಂಶ ಪ್ರದೇಶವೆಂದು ಎಣಿಸುತ್ತದೆ. 2020ರ ಜನಗಣತಿಯಲ್ಲಿ ಇಲ್ಲಿದ್ದವರು ಸುಮಾರು 64 ಸಾವಿರ. ಇದಕ್ಕೆ ‘ಮಹಾನಗರ’ವೆಂಬ ಹೆಸರು ನಗು ತರಿಸಬಹುದು, ಲೆಕ್ಕ ಮಾತ್ರ ಸರಿಯಾಗಿದೆ, ಏಕೆಂದರೆ ಅದು ರಾಜ್ಯದ ಗಡಿಯನ್ನಲ್ಲ, ಜನರ ಓಡಾಟವನ್ನು ನೋಡುತ್ತದೆ.

2021ರಲ್ಲಿ ಈ ಪಟ್ಟಕ್ಕೆ ಬೇಕಾದ ನಗರ ಜನಸಂಖ್ಯೆಯ ಮಿತಿಯನ್ನು 50 ಸಾವಿರದಿಂದ ಒಂದು ಲಕ್ಷಕ್ಕೆ ಏರಿಸುವ ಪ್ರಸ್ತಾಪ ಬಂತು. 1950ರಿಂದ ದೇಶದ ಜನಸಂಖ್ಯೆ ಇಮ್ಮಡಿ ದಾಟಿದೆ, ಮಿತಿ ಯಾಕೆ ನಿಂತಲ್ಲೇ ನಿಲ್ಲಬೇಕು ಎಂಬ ವಾದ ಹುರುಳಿಲ್ಲದ್ದೇನಲ್ಲ. ಆದರೆ ದೂರದ ನಗರಗಳು ಬೆಳೆದವೆಂದು ಲೂಯಿಸ್ಟನ್ನಿನ ಆಸ್ಪತ್ರೆ, ಬಂದರು ಸುತ್ತಲಿನ ಹಳ್ಳಿಗಳಿಗೆ ಕಡಿಮೆ ಬೇಕಾಗುವುದಿಲ್ಲ. ಈ ಪಟ್ಟ ಬರೀ ಅಂಕಿಅಂಶಕ್ಕೆ, ಅನುದಾನಕ್ಕಲ್ಲ ಎಂಬುದು ಅಧಿಕಾರಿಗಳ ಸಮಜಾಯಿಷಿ. ಕಾಗದದ ಮೇಲೆ ನಿಜ. ಆದರೆ ಸಮುದಾಯ ಅಭಿವೃದ್ಧಿ ಅನುದಾನ ಯಾರಿಗೆ ನೇರವಾಗಿ ಸಿಗಬೇಕೆಂಬುದಕ್ಕೂ ಮಹಾನಗರ ಪ್ರದೇಶಗಳ ಇದೇ ಪಟ್ಟಿಯನ್ನು ನೋಡುತ್ತಾರೆ. ಆಕ್ಷೇಪಗಳ ನಂತರ ಅದೇ ವರ್ಷ ಪ್ರಸ್ತಾಪವನ್ನು ಕೈಬಿಟ್ಟದ್ದು ಸರಿಯಾದ ತೀರ್ಮಾನ.