ಕಾಣದ ಅಕ್ಷರಗಳ ಕಟ್ಟಳೆ ಎಲ್ಲಿರಬೇಕು?

ಪೈಥಾನ್ ಭಾಷೆಯನ್ನು ಹೊಸದಾಗಿ ಕಲಿಯುತ್ತಿರುವ ವಿದ್ಯಾರ್ಥಿಗಳಿಗೆ ಒಂದಲ್ಲ ಒಂದು ದಿನ ಎದುರಾಗುವ ವಿಸ್ಮಯವೊಂದುಂಟು. ಮಿತ್ರನು ಬರೆದ ಪ್ರೋಗ್ರಾಮಿಗೆ ತಾವು ಎರಡು ಸಾಲುಗಳನ್ನು ಸೇರಿಸುತ್ತಾರೆ. ಪರದೆಯ ಮೇಲೆ ಎಲ್ಲ ಸಾಲುಗಳೂ ಒಂದೇ ಅಂಚಿಗೆ ನೆಟ್ಟಗೆ ನಿಂತಿರುತ್ತವೆ. ಆದರೂ ಯಂತ್ರವು ಅದನ್ನು ತಿರಸ್ಕರಿಸುತ್ತದೆ. ಕಾಣುವ ಅಕ್ಷರಗಳಲ್ಲಿ ದೋಷವಿಲ್ಲ, ದೋಷವಿರುವುದು ಕಾಣದ ಅಕ್ಷರಗಳಲ್ಲಿ. ಒಬ್ಬನು ಸಾಲಿನ ಮೊದಲಿಗೆ ನಾಲ್ಕು ತೆರಪುಗಳನ್ನು ಒತ್ತಿದ್ದಾನೆ, ಇನ್ನೊಬ್ಬನು ಟ್ಯಾಬ್ ಕೀಲಿಯನ್ನು ಒಮ್ಮೆ ಒತ್ತಿದ್ದಾನೆ.

ಅಚ್ಚುಮೊಳೆಗಳ ಕಾಲದಲ್ಲಿ ಎರಡು ಪದಗಳ ನಡುವಣ ಬರಿಯ ಜಾಗವೂ ಒಂದು ಲೋಹದ ತುಂಡೇ ಆಗಿದ್ದಿತು. ಅದನ್ನು ಮೊಳೆ ಜೋಡಿಸುವವನು ಕೈಯಿಂದಲೇ ಇಡಬೇಕಾಗಿದ್ದಿತು. ಗಣಕಯಂತ್ರದಲ್ಲಿಯೂ ಹಾಗೆಯೇ. ತೆರಪಿನ ಸಂಕೇತ ೩೨, ಟ್ಯಾಬಿನದು ೯. ಟ್ಯಾಬೆಂಬುದು ಬೆರಳಚ್ಚು ಯಂತ್ರದಿಂದ ಬಂದ ವಸ್ತು. 'ಮುಂದಿನ ನಿಲುಗಡೆಗೆ ಹೋಗು' ಎಂಬಷ್ಟನ್ನೇ ಅದು ಹೇಳುತ್ತದೆ, ಆ ನಿಲುಗಡೆ ಎಷ್ಟು ದೂರವೆಂದು ಹೇಳುವುದಿಲ್ಲ. ಆದುದರಿಂದ ಒಂದು ಎಡಿಟರಿನಲ್ಲಿ ೮ ಅಕ್ಷರಗಳಷ್ಟು ಅಗಲವಾಗಿ ತೋರಿದ ಸಾಲು ಇನ್ನೊಂದರಲ್ಲಿ ೪ ಅಕ್ಷರಗಳಷ್ಟೇ ಸರಿದು ನಿಲ್ಲುತ್ತದೆ. ಲಿನಕ್ಸ್ ತಿರುಳಿನ ಬರೆವಣಿಗೆಯ ನಿಯಮದಂತೆ ಟ್ಯಾಬೇ ಸರಿ, ಅದರ ಅಗಲ ೮. ಪೈಥಾನಿನ ಶೈಲಿಯಂತೆ ನಾಲ್ಕು ತೆರಪುಗಳೇ ಸರಿ. ಇವೆರಡರಲ್ಲಿ ಯಾವುದು ಮೇಲೆಂಬ ವಾದಕ್ಕೆ ನಾವು ಇಳಿಯುವುದಿಲ್ಲ. ಆ ವಾದದಲ್ಲಿ ಈಗಾಗಲೇ ಬೇಕಾದಷ್ಟು ಕಾಲ ವ್ಯಯವಾಗಿದೆ.

ನಮ್ಮ ಪ್ರಶ್ನೆ ಬೇರೆ. ಕಟ್ಟಳೆ ಯಾವುದೇ ಇರಲಿ, ಅದನ್ನು ಎಲ್ಲಿ ಬರೆದಿಡಬೇಕು?

ಪ್ರತಿಯೊಬ್ಬನೂ ತನ್ನ ಎಡಿಟರಿನಲ್ಲಿಯೇ ಬರೆದುಕೊಳ್ಳುವುದು ಮೊದಲನೆಯ ದಾರಿ. ಒಬ್ಬನೇ ಕೆಲಸ ಮಾಡುವಾಗ ಇದು ಸಾಕು. ಇಬ್ಬರಾದೊಡನೆ ಮೇಲೆ ಹೇಳಿದ ತೊಡಕು ಹುಟ್ಟುತ್ತದೆ. ಕಡತದೊಳಗೇ ಬರೆದಿಡುವುದು ಎರಡನೆಯದು. ವಿಮ್ ಎಂಬ ಎಡಿಟರು ಕಡತದ ಮೊದಲ ಮತ್ತು ಕೊನೆಯ ಐದೈದು ಸಾಲುಗಳಲ್ಲಿ ಇಂಥ ಸೂಚನೆಯುಂಟೇ ಎಂದು ಹುಡುಕಿ ಅದರಂತೆ ನಡೆಯಬಲ್ಲದು. ಈಮ್ಯಾಕ್ಸಿನಲ್ಲಿಯೂ ಇಂತಹುದೇ ಏರ್ಪಾಡುಂಟು. ಕಟ್ಟಳೆಯು ಕಡತದೊಡನೆಯೇ ಸಂಚರಿಸುವುದರಿಂದ ಇದು ಜಾಣತನದ ಉಪಾಯವೇ ಸರಿ. ಆದರೆ ಲಿನಕ್ಸಿನವರು ಇದನ್ನು ತಮ್ಮ ಶೈಲಿಪತ್ರದಲ್ಲಿ ಸ್ಪಷ್ಟವಾಗಿ ನಿಷೇಧಿಸಿದ್ದಾರೆ: ಪ್ರತಿಯೊಬ್ಬನಿಗೂ ತನ್ನದೇ ಏರ್ಪಾಡಿರುವಾಗ ಕಡತವು ಅದನ್ನು ಮೀರಬಾರದೆಂಬುದು ಅವರ ನಿಲುವು. ಇದಕ್ಕಿಂತಲೂ ಗುರುತರವಾದ ಆಕ್ಷೇಪಣೆಯು ೨೦೧೯ರಲ್ಲಿ ಬಯಲಾಯಿತು. ಕಡತದಲ್ಲಿ ಅಡಗಿಸಿಟ್ಟ ಇಂತಹ ಒಂದು ಸಾಲಿನ ಮೂಲಕ, ಆ ಕಡತವನ್ನು ವಿಮ್‌ನಲ್ಲಿ ತೆರೆದ ಮಾತ್ರಕ್ಕೇ, ಯಂತ್ರದಲ್ಲಿ ಬೇಕಾದ ಆಜ್ಞೆಯನ್ನು ನಡೆಸಬಹುದೆಂದು ತಿಳಿದುಬಂದಿತು. ಓದಲೆಂದು ಬಿಚ್ಚಿದ ಕಾಗದವೇ ಎದ್ದು ಮನೆಯ ಬೀಗ ತೆಗೆದಂತಾಯಿತು! ಆ ದೋಷವನ್ನು ಅದೇ ವರ್ಷ ತಿದ್ದಲಾಯಿತೆಂಬುದು ನಿಜ. ಆದರೆ ಅಪರಿಚಿತ ಕಡತದ ಮಾತನ್ನು ಎಡಿಟರು ಎಷ್ಟರಮಟ್ಟಿಗೆ ಕೇಳಬೇಕೆಂಬ ಪ್ರಶ್ನೆ ತಿದ್ದುಪಡಿಯಿಂದ ತೀರುವಂತಹುದಲ್ಲ.

ಕಣ್ಣಿಗೆ ಸಂಬಂಧಿಸಿದ್ದು ವ್ಯಕ್ತಿಗೆ, ಕಡತದ ಒಡಲಿಗೆ ಸಂಬಂಧಿಸಿದ್ದು ಕೆಲಸಕ್ಕೆ ಸೇರತಕ್ಕದ್ದೆಂಬುದು ನಮ್ಮ ಅಭಿಪ್ರಾಯ. ಅಕ್ಷರದ ಗಾತ್ರ, ಬಣ್ಣ, ಪರದೆಯ ಹಿನ್ನೆಲೆ ಇವುಗಳನ್ನು ಅವರವರ ಇಚ್ಛೆಗೆ ಬಿಡೋಣ. ಟ್ಯಾಬೋ ತೆರಪೋ, ಸಾಲು ಮುಗಿಯುವ ಗುರುತು ಯಾವುದು, ಅಕ್ಷರಸಂಕೇತ ಯಾವುದು ಎಂಬಿವನ್ನು ಕೆಲಸದ ಮೂಲಕೋಶದಲ್ಲಿ ಬೇರೊಂದು ಚಿಕ್ಕ ಕಡತವಾಗಿ ಇಡಬೇಕು. ಎಡಿಟರ್‌ಕಾನ್ಫಿಗ್ ಎಂಬ ಪದ್ಧತಿ ಇದನ್ನೇ ಮಾಡುತ್ತದೆ. ಅದರಲ್ಲಿ ಆಜ್ಞೆಗಳಿಲ್ಲ, ಹೆಸರುಗಳೂ ಅವುಗಳ ಬೆಲೆಗಳೂ ಮಾತ್ರ ಇರುತ್ತವೆ. ಅನೇಕ ಎಡಿಟರುಗಳು ಅದನ್ನು ನೇರವಾಗಿಯೂ ಉಳಿದ ಹಲವು ಒಂದು ಸೇರ್ಪಡೆಯ ಸಹಾಯದಿಂದಲೂ ಓದಬಲ್ಲವು. ಕಡತದ ಜಾತಿಗೆ ತಕ್ಕಂತೆ ಬೇರೆ ಬೇರೆ ಕಟ್ಟಳೆಗಳನ್ನೂ ಅದರಲ್ಲಿ ಹೇಳಬಹುದು. ಇದು ಅವಶ್ಯಕವೇ. ೧೯೭೬ರಲ್ಲಿ ಬೆಲ್ ಪ್ರಯೋಗಶಾಲೆಯ ಸ್ಟುವರ್ಟ್ ಫೆಲ್ಡ್‌ಮನ್ ರಚಿಸಿದ 'ಮೇಕ್' ಸಾಧನದಲ್ಲಿ ಆಜ್ಞೆಯ ಸಾಲುಗಳು ಟ್ಯಾಬಿನಿಂದಲೇ ಆರಂಭವಾಗಬೇಕು. ಇದು ಒಳ್ಳೆಯದಲ್ಲವೆಂದು ಆತನಿಗೆ ಬೇಗನೆ ಮನವರಿಕೆಯಾಯಿತಂತೆ. ಆದರೆ ಅಷ್ಟರಲ್ಲಿಯೇ ಹತ್ತು ಹನ್ನೆರಡು ಮಂದಿ ಅದನ್ನು ಬಳಸುತ್ತಿದ್ದುದರಿಂದ ಬದಲಾಯಿಸಲು ಮನಸ್ಸಾಗಲಿಲ್ಲ. ಆ ಹತ್ತು ಹನ್ನೆರಡು ಮಂದಿಯ ದಾಕ್ಷಿಣ್ಯಕ್ಕಾಗಿ ಜಗತ್ತು ಇಂದಿಗೂ ಟ್ಯಾಬನ್ನು ಒತ್ತುತ್ತಿದೆ.

ಇವೆಲ್ಲ ಅಲ್ಪ ವಿಷಯಗಳೆಂದು ಕೆಲವು ಉಪಾಧ್ಯಾಯರು ಹೇಳುವುದುಂಟು. ನಾವು ಒಪ್ಪುವುದಿಲ್ಲ. ಒಬ್ಬನ ಎಡಿಟರು ಕಡತದ ಟ್ಯಾಬುಗಳನ್ನೆಲ್ಲ ತೆರಪುಗಳಾಗಿ ಮಾರ್ಪಡಿಸಿಬಿಟ್ಟರೆ, ಬದಲಾವಣೆಗಳ ದಾಖಲೆಯಲ್ಲಿ ಪ್ರತಿಯೊಂದು ಸಾಲೂ ತಿದ್ದಿದಂತೆ ತೋರುತ್ತದೆ. ನಿಜವಾಗಿ ತಿದ್ದಿದ ಒಂದು ಸಾಲು, ಒಂದುವೇಳೆ ತಪ್ಪಾದ ಸಾಲು, ಆ ಗದ್ದಲದಲ್ಲಿ ಮರೆಯಾಗುತ್ತದೆ. ಕನ್ನಡದಲ್ಲಿ ಬರೆಯುವವರಿಗಂತೂ ಅಕ್ಷರಸಂಕೇತದ ಕಟ್ಟಳೆ ಇನ್ನೂ ಮುಖ್ಯ. 'ಕನ್ನಡ' ಎಂಬ ಪದವು ಕಣ್ಣಿಗೆ ಮೂರಕ್ಷರವಾದರೂ ಯೂನಿಕೋಡಿನಲ್ಲಿ ಐದು ಸಂಕೇತಗಳು, ಯುಟಿಎಫ್-೮ ಕ್ರಮದಲ್ಲಿ ೧೫ ಬೈಟುಗಳು. ಇದನ್ನು ಒಂದು ಅಕ್ಷರಕ್ಕೆ ಒಂದೇ ಬೈಟೆಂದು ತಿಳಿಯುವ ಹಳೆಯ ಕ್ರಮದಲ್ಲಿ ತೆರೆದರೆ, ಕಾಣುವುದು ಅರ್ಥವಿಲ್ಲದ ಗುರುತುಗಳ ಸಾಲು. ಅದನ್ನೇ ಬೇರೊಂದು ಕ್ರಮದಲ್ಲಿ ಉಳಿಸಿದರೆ ಮೂಲಪದವೇ ಕೆಡಬಹುದು.

ಆದುದರಿಂದ ಹೊಸ ಕೆಲಸವನ್ನು ಆರಂಭಿಸುವಾಗ, ಪ್ರೋಗ್ರಾಮಿನ ಮೊದಲ ಸಾಲಿಗೂ ಮುಂಚೆ, ಈ ಚಿಕ್ಕ ಕಡತದಲ್ಲಿ ಯುಟಿಎಫ್-೮ ಎಂದು ಬರೆದು, ಕೆಳಗೆ ಟ್ಯಾಬಿನ ಮತ್ತು ಸಾಲಿನ ಕೊನೆಯ ಕಟ್ಟಳೆಗಳನ್ನು ಸೇರಿಸಬೇಕೆಂದು ನಾವು ಸೂಚಿಸುತ್ತೇವೆ. ಕಾಲೇಜಿನ ಯಂತ್ರಗಳಲ್ಲಿ ಸ್ವಂತ ಏರ್ಪಾಡನ್ನು ಉಳಿಸಿಕೊಳ್ಳಲು ಅವಕಾಶವಿಲ್ಲದವರೂ ಇದನ್ನು ತಮ್ಮ ಕೆಲಸದೊಡನೆ ಮನೆಗೂ ಮರಳಿ ಪ್ರಯೋಗಶಾಲೆಗೂ ಕೊಂಡೊಯ್ಯಬಹುದು.